ಹರಿಣಾಕ್ಷಿಯ ಮುಖ, ಯಾರದೋ ದನಿ

ಪ್ರಾಥಮಿಕ ಶಾಲೆಗಳ ಮಲ್ಟಿಮೀಡಿಯಾ ಯೋಜನೆಯ ಉಸ್ತುವಾರಿ ಹೊತ್ತಿರುವ ಅಧಿಕಾರಿಗಳೇ,

'ಮಾನ್ಯರೇ' ಎಂದು ಶುರು ಮಾಡಬೇಕಿತ್ತು. ಬರೆದು ಹೊಡೆದುಹಾಕಿದೆ. ನನ್ನ ಮಗಳು ಹರಿಣಾಕ್ಷಿ ಚಾಮರಾಜಪೇಟೆಯ ಸರ್ಕಾರಿ ಶಾಲೆಯಲ್ಲಿ ನಾಲ್ಕನೆಯ ತರಗತಿ ಓದುತ್ತಾಳೆ. ತಾವು ಅವಳ ಪ್ರಾಜೆಕ್ಟಿನಿಂದ ಅವಳ ದನಿಯನ್ನು ತೆಗೆದು, ಆ ಜಾಗದಲ್ಲಿ ಬೇರೊಬ್ಬರ ದನಿಯನ್ನು ಕೂರಿಸಿ, ಮೇಲೆ 'ಮಕ್ಕಳೇ ತಯಾರಿಸಿದ್ದು' ಎಂದು ಅಚ್ಚು ಹಾಕಿಸಿ, ಆ ಸೀಡಿಯನ್ನು ಊರಿನ ಶಾಲೆಗಳಿಗೆಲ್ಲ ಹಂಚಲು ಹೊರಟಿದ್ದೀರಿ. ಅದನ್ನು ಸಭೆಯಲ್ಲಿ ತೋರಿಸಿದ ದಿನದಿಂದ ಅವಳು ತರಗತಿಯಲ್ಲಿ ಒಂದು ಮಾತೂ ಆಡಿಲ್ಲ. ನನ್ನ ದೂರು ಇಷ್ಟೇ. ತಮಗೆ ಕೆಲಸದ ಒತ್ತಡವಿದ್ದರೆ ಇಲ್ಲಿಗೇ ಓದುವುದನ್ನು ನಿಲ್ಲಿಸಬಹುದು. ಉಳಿದದ್ದನ್ನು ಊರಿನವರು ಓದಿಕೊಳ್ಳಲಿ ಎಂದೇ ಇದನ್ನು ಪತ್ರಿಕೆಗೆ ಕಳಿಸುತ್ತಿದ್ದೇನೆ.

ತಮ್ಮ ಸುತ್ತೋಲೆ ಈ ವರ್ಷ, ಅಂದರೆ 2004ರಲ್ಲಿ, ಶಾಲೆ ತೆರೆದ ಹೊಸದರಲ್ಲೇ ಬಂತು. ಇನ್ನು ಮುಂದೆ ಮಕ್ಕಳು ರಟ್ಟಿನ ಮೇಲೆ ಚಿತ್ರ ಅಂಟಿಸಿ ತರುವಂತಿಲ್ಲ, ಚಿತ್ರ, ದನಿ, ಅಕ್ಷರ ಮೂರೂ ಕಂಪ್ಯೂಟರಿನಲ್ಲಿ ಕೂಡಿ ಬರಬೇಕು, ಇದರಿಂದ 'ಮಗುವಿನ ಅಭಿವ್ಯಕ್ತಿ ಸಾಮರ್ಥ್ಯ ಅರಳುತ್ತದೆ' ಎಂದು ಅದರಲ್ಲಿತ್ತು. ನಾನು ಹೊಸದನ್ನು ಕಂಡು ಮೂಗು ಮುರಿಯುವವಳಲ್ಲ. ಪಿಯುಸಿ ಓದಿ ತರಕಾರಿ ಅಂಗಡಿಯಲ್ಲಿ ಕೂತವಳಿಗೆ, ಮಗಳು ಕಂಪ್ಯೂಟರಿನ ಮುಂದೆ ಕೂರುತ್ತಾಳೆ ಎಂದರೆ ಎಷ್ಟು ಹಿಗ್ಗು ಎಂಬುದು ತಮಗೆ ಅರ್ಥವಾಗಲಾರದು. ಅವಳ ಟೀಚರ್ ಚೂಡಾಮಣಿಯವರು ತಮ್ಮ ತಮ್ಮನ ಕ್ಯಾಮೆರಾ ಕೇಳಿ ತಂದರು. ನಮ್ಮ ಅಂಗಡಿಯ ಮುಂದೆಯೇ ಚಿತ್ರ ತೆಗೆದರು. ಮುಂಜಾನೆ ಮಾರುಕಟ್ಟೆಯಿಂದ ಬಂದ ಸೊಪ್ಪು ಬಿಸಿಲೇರುತ್ತಿದ್ದಂತೆ ಹೇಗೆ ಬಾಡುತ್ತದೆ, ಅಜ್ಜಿ ಒದ್ದೆ ಗೋಣಿ ಹೊದಿಸಿ ಅದನ್ನು ಹೇಗೆ ಉಳಿಸುತ್ತಾಳೆ ಎಂಬುದನ್ನೆಲ್ಲ ಹರಿಣಾಕ್ಷಿ ತಾನೇ ಹೇಳಿದಳು. ಯಾರೂ ಬರೆದುಕೊಟ್ಟಿರಲಿಲ್ಲ. ಶಾಲೆಯ ಕಂಪ್ಯೂಟರಿನಲ್ಲಿ ತನ್ನ ದನಿಯನ್ನು ಮೊದಲ ಸಲ ಕೇಳಿದ ದಿನ ಮನೆಗೆ ಓಡಿ ಬಂದು, "ಅಜ್ಜಿ, ಕಂಪ್ಯೂಟರ್ ಒಳ್ಗೆ ನಾನೇ ಮಾತಾಡ್ತಿದೀನಿ, ನಿನ್ ಥರಾನೇ ಕೇಳ್ಸುತ್ತೆ" ಎಂದಳು. ಅವಳ ಅಜ್ಜಿ, ಅಂದರೆ ನನ್ನ ಅತ್ತೆ ಮುತ್ಯಾಲಮ್ಮ, ಬಸವನಗುಡಿಯ ಬೀದಿಗಳಲ್ಲಿ ಬುಟ್ಟಿ ಹೊತ್ತು ಸೊಪ್ಪು ಮಾರಿದವರು. ಆ ದನಿ ಮಹಡಿ ಮನೆಯವರನ್ನೂ ಬಾಗಿಲಿಗೆ ಕರೆಸುತ್ತಿತ್ತು. ಮೊಮ್ಮಗಳಿಗೂ ಅದೇ ಗಂಟಲು ಬಂದಿದೆ, ಸ್ವಲ್ಪ ಒರಟು, ಸ್ವಲ್ಪ ಜೋರು.

ಆ ಗಂಟಲು ತಮ್ಮ ಕಚೇರಿಗೆ ಹಿಡಿಸಲಿಲ್ಲ. 'ಸಂತೆ ಗಂಟಲು' ಎಂದಿರಂತೆ. ಇದು ತಮ್ಮದೇ ಪದ, ನನ್ನ ಕಲ್ಪನೆಯಲ್ಲ. ಸಂತೆಯಲ್ಲಿ ಹುಟ್ಟಿ ಬೆಳೆದ ಮಗುವಿಗೆ ಯಾವ ಗಂಟಲು ಇರಬೇಕಿತ್ತು ಸ್ವಾಮಿ? ಸಚಿವಾಲಯದ್ದೇ? ಆಯಿತು, ತಿದ್ದಬೇಕೆನಿಸಿದ್ದರೆ ಮಗುವನ್ನು ಕರೆಸಿ 'ಸ್ವಲ್ಪ ಮೆಲ್ಲಗೆ ಹೇಳಮ್ಮ' ಎನ್ನಬಹುದಿತ್ತು. ತಾವು ಗಾಂಧಿನಗರದ ಒಂದು ಸ್ಟುಡಿಯೋಗೆ ಹೋಗಿ ಡಬ್ಬಿಂಗ್ ಮಾಡಿಸಿದಿರಿ. ಸಭೆಯ ದಿನ ಪ್ರೊಜೆಕ್ಟರ್ ನಡೆಸುತ್ತಿದ್ದವರು ಆಮೇಲೆ ನನಗೆ ಹೇಳಿದ ಪ್ರಕಾರ, ಆ ದನಿ ಕೊಟ್ಟವರು ನಲವತ್ತು ದಾಟಿದ ಹೆಂಗಸು. ಸೀರಿಯಲ್ಲಿನ ಮಕ್ಕಳಿಗೂ ಜಾಹೀರಾತಿನ ಮಕ್ಕಳಿಗೂ ಆಕೆಯೇ ಮಾತಾಡುತ್ತಾರಂತೆ. ಆ ತಾಯಿಯ ಮೇಲೆ ನನಗೆ ಸಿಟ್ಟಿಲ್ಲ, ನನ್ನ ಅತ್ತೆಯಂತೆ ಆಕೆಯೂ ಗಂಟಲು ನಂಬಿ ಹೊಟ್ಟೆ ಹೊರೆಯುವವರು. ಆದರೆ ಮಕ್ಕಳ ಅಭಿವ್ಯಕ್ತಿ ಅರಳಿಸಲು ನಲವತ್ತು ದಾಟಿದವರೇ ಬೇಕು ಎಂಬುದನ್ನು ತಾವು ಸುತ್ತೋಲೆಯಲ್ಲೇ ತಿಳಿಸಿದ್ದರೆ, ನಾವು ನಮ್ಮ ಮಕ್ಕಳನ್ನು ಮನೆಯಲ್ಲೇ ಬಿಟ್ಟು ನಾವೇ ಬರುತ್ತಿದ್ದೆವು.

ಪ್ರದರ್ಶನದ ದಿನ ನಾವು ಅಂಗಡಿ ಮುಚ್ಚಿ ಬಂದೆವು. ಹರಿಣಾಕ್ಷಿಗೆ ಹೊಸ ಲಂಗ ತೊಡಿಸಿ ಪರದೆಯ ಪಕ್ಕದಲ್ಲಿ ನಿಲ್ಲಿಸಿದ್ದಿರಿ. ದನಿ ಬದಲಾಗಿರುವುದನ್ನು ಅವಳಿಗೂ ಹೇಳಿರಲಿಲ್ಲ, ನಮಗೂ ಹೇಳಿರಲಿಲ್ಲ. ಪರದೆಯ ಮೇಲೆ ನನ್ನ ಮಗಳು ಬಾಯಿ ತೆರೆದಳು. ಒಳಗಿನಿಂದ ತೊದಲು ತೊದಲಾಗಿ, ಮುದ್ದು ಸುರಿಸುತ್ತ, "ನಾನು ಪುಟಾಣಿ ಹಲಿಣಾಕ್ಷಿ" ಎಂದು ಬಂತು. ಮಾರುಕಟ್ಟೆಯಲ್ಲಿ ದಲ್ಲಾಳಿಗಳ ಜೊತೆ ಚೌಕಾಶಿ ಮಾಡುವ ಹುಡುಗಿ ಅವಳು, ಎರಡು ವರ್ಷ ತುಂಬುವ ಮೊದಲೇ ತೊದಲುವುದನ್ನು ಬಿಟ್ಟವಳು. ನನ್ನ ಪಕ್ಕದಲ್ಲಿ ಕೂತಿದ್ದ ಅತ್ತೆ ನನ್ನ ಕೈ ಹಿಡಿದು, "ಯಾರೇ ಅದು, ನಮ್ ಮಗು ಬಾಯಲ್ಲಿ ಕೂತ್ಕೊಂಡು ಮಾತಾಡ್ತಿರೋದು?" ಎಂದು ಕೇಳಿದರು. ಮುಂದಿನ ಸಾಲಿನವರು ಚಪ್ಪಾಳೆ ತಟ್ಟುತ್ತಿದ್ದರು. ಮಗಳು ಒಮ್ಮೆ ಪರದೆಯನ್ನೂ ಒಮ್ಮೆ ನನ್ನನ್ನೂ ನೋಡುತ್ತಿದ್ದಳು.

ಅಷ್ಟರಲ್ಲಿ ಕರೆಂಟ್ ಹೋಯಿತು. ಜನರೇಟರ್ ಕೆಮ್ಮಿ ಸುಮ್ಮನಾಯಿತು. ಪರದೆ ಕಪ್ಪಾಯಿತು, ಆ ಮುದ್ದು ದನಿಯೂ ನಿಂತಿತು. ತಮಗೆ ನೆನಪಿರಬೇಕು, ಆಗ ಹರಿಣಾಕ್ಷಿ ಮಾತಾಡಿದಳು. ಇನ್ನು ತನ್ನ ಸರದಿ ಎಂದುಕೊಂಡಳೋ ಏನೋ, ಮೈಕಿಲ್ಲದೆ, ನಿಂತಲ್ಲಿಂದಲೇ, "ಸೊಪ್ಪಿಗೆ ಬಿಸ್ಲು ಆಗಲ್ಲ, ನೀರು ಜಾಸ್ತಿ ಆದ್ರೂ ಕೊಳೆತೋಗುತ್ತೆ, ಅದಕ್ಕೆ ನಮ್ಮಜ್ಜಿ ಏನ್ ಮಾಡ್ತಾರೆ ಅಂದ್ರೆ" ಎಂದು ಶುರು ಮಾಡಿದಳು. ಆ ಸಂತೆ ಗಂಟಲು ಹಿಂದಿನ ಬಾಗಿಲವರೆಗೆ ಕೇಳಿಸಿತು. ಗುಸುಗುಸು ನಿಂತು ಜನ ಅವಳ ಕಡೆ ತಿರುಗಿದರು. ಆಗ ತಾವು ಕುರ್ಚಿಯಿಂದ ಅರ್ಧ ಎದ್ದು ಹೇಳಿದ್ದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ: "ನೀನ್ ಸುಮ್ನಿರು ಪುಟ್ಟಿ. ಕರೆಂಟ್ ಬರ್ಲಿ, ಕಂಪ್ಯೂಟರ್ ಹೇಳುತ್ತೆ."

ಅವಳು ಸುಮ್ಮನಾದಳು. ಆಮೇಲೆ ತುಂಬಿದ ಸಭೆ, ಮಾತು ಬರುವ ಒಂದು ಮಗುವನ್ನು ಎದುರಿಗೆ ನಿಲ್ಲಿಸಿಕೊಂಡು, ಆಮಂತ್ರಣ ಪತ್ರಿಕೆಯಲ್ಲಿ ಗಾಳಿ ಬೀಸಿಕೊಳ್ಳುತ್ತ ಕರೆಂಟಿಗೆ ಕಾಯಿತು. ಸೊಪ್ಪಿನ ವಿಷಯ ಸೊಪ್ಪಿನ ಮನೆಯ ಮಗುವಿನ ಬಾಯಿಂದ ಕೇಳಿದ್ದರೆ ತಮ್ಮ ಯೋಜನೆಗೆ ಯಾವ ಅಪಚಾರವಾಗುತ್ತಿತ್ತು? ಇಲಾಖೆಯ ಮಾನ ಹೋಗುತ್ತಿತ್ತೇ? ಕರೆಂಟ್ ಬಂತು, ಕಂಪ್ಯೂಟರ್ ಹೇಳಿತು, ತಾವು ಹಾರ ಹಾಕಿಸಿಕೊಂಡಿರಿ. ಮಗಳಿಗೆ ಒಂದು ಪ್ಲಾಸ್ಟಿಕ್ ಟಿಫಿನ್ ಡಬ್ಬಿ ಕೊಟ್ಟಿರಿ.

ಅದಾದ ಸೋಮವಾರ ತರಗತಿಯಲ್ಲಿ ಪಾಠ ಓದಲು ಎಬ್ಬಿಸಿದಾಗ ಅವಳು ಪುಸ್ತಕ ಹಿಡಿದು ತುಟಿ ಮಾತ್ರ ಆಡಿಸಿದಳಂತೆ, ದನಿ ಇಲ್ಲ. ಮೊದಲು ಮಕ್ಕಳು ನಕ್ಕರು, ಆಮೇಲೆ 'ಸೀಡಿ' ಎಂದು ಹೆಸರಿಟ್ಟರು. ಇವತ್ತಿಗೂ ಅವಳು ಹಾಗೆಯೇ ಮಾಡುತ್ತಾಳೆ. ಹಾಜರಿ ಕೂಗಿದರೆ ಕೈ ಎತ್ತುತ್ತಾಳೆ. ಅಂಗಡಿಯಲ್ಲಿ ಗಿರಾಕಿ ಬೆಲೆ ಕೇಳಿದರೆ ಬೆರಳು ತೋರಿಸುತ್ತಾಳೆ. ಮನೆಯಲ್ಲಿ ನನ್ನ ಕಿವಿಯ ಹತ್ತಿರ ಬಂದು ಪಿಸುಗುಡುತ್ತಾಳೆ, ಅಷ್ಟೇ. ಮೊನ್ನೆ ತಪಾಸಣೆಗೆ ಬಂದ ತಮ್ಮ ಸಿಬ್ಬಂದಿಯೊಬ್ಬರು ಅವಳನ್ನು ನೋಡಿ, "ಈ ಹುಡ್ಗಿ ಎಷ್ಟು ಶಿಸ್ತಾಗಿದಾಳೆ ನೋಡಿ" ಎಂದು ಹೊಗಳಿ ಹೋದರಂತೆ. ಚೂಡಾಮಣಿ ಟೀಚರ್ ಇದನ್ನು ಹೇಳುವಾಗ ಅಳುತ್ತಿದ್ದರು. "ನನ್ನದೇ ತಪ್ಪು ಕುಸುಮಾ, ಮೇಲಿನವ್ರು ಕೇಳಿದ್ರು ಅಂತ ಇದ್ದೊಂದ್ ಕಾಪೀನೂ ಕೊಟ್ಬಿಟ್ಟೆ" ಎಂದರು. ತಮ್ಮ ಇಲಾಖೆಯಲ್ಲಿ ಅವರೊಬ್ಬರಿಗಾದರೂ ಅಳುವ ಅಭ್ಯಾಸ ಉಳಿದಿದೆ.

ಕಳೆದ ವಾರ ನಾನು ತಮ್ಮ ಕಚೇರಿಗೆ ಬಂದೆ. ಬೇರೇನೂ ಬೇಡ, ಅವಳದೇ ದನಿ ಇರುವ ಮೊದಲ ಪ್ರತಿ ಕೊಡಿ, ಅದನ್ನು ಕೇಳಿಸಿದರೆ ಮಗು ಸರಿಹೋದಾಳು ಎಂದೆ. ತಾವು ಫೈಲಿನಿಂದ ತಲೆ ಎತ್ತದೆ, "ಮುಖ ಅವಳದೇ ಇದೆಯಲ್ಲಮ್ಮ, ಇನ್ನೇನ್ ಬೇಕು ನಿಮ್ಗೆ?" ಎಂದಿರಿ. ದನಿಯನ್ನು ಅಳಿಸಿಯಾಗಿದೆ, ಸೀಡಿಯಲ್ಲಿ ತಮ್ಮ ಸಂದೇಶಕ್ಕೆ ಜಾಗ ಬೇಕಿತ್ತು ಎಂದು ತಮ್ಮ ಗುಮಾಸ್ತರು ಹೇಳಿದರು. ಆ ಸಂದೇಶವನ್ನು ನಾನು ಪ್ರದರ್ಶನದ ದಿನವೇ ಪೂರ್ತಿ ಕೇಳಿದ್ದೇನೆ. ತಾವು ಮಕ್ಕಳ ಸೃಜನಶೀಲತೆಯ ಬಗ್ಗೆ ಮಾತಾಡುತ್ತ ಎರಡು ಕಡೆ ಕೆಮ್ಮುತ್ತೀರಿ, ಒಂದು ಕಡೆ ಯಾರನ್ನೋ ಕಾಫಿ ತರಲು ಗದರುತ್ತೀರಿ. ಅದೆಲ್ಲ ಹಾಗೇ ಇದೆ, ಯಾರೂ ಡಬ್ಬಿಂಗ್ ಮಾಡಿಸಿಲ್ಲ. ತಮ್ಮ ಕಫಕ್ಕೆ ಸೀಡಿಯಲ್ಲಿ ಜಾಗವಿತ್ತು, ನನ್ನ ಮಗಳ ಮಾತಿಗೆ ಇರಲಿಲ್ಲ.

ಕಚೇರಿಯಿಂದ ಬಂದವಳೇ ಮಗಳನ್ನು ಕೂರಿಸಿಕೊಂಡು, ಮತ್ತೆ ಮೈಕ್ ತರಿಸೋಣ, ಮತ್ತೆ ನೀನೇ ಹೇಳುವೆಯಂತೆ ಎಂದೆ. ಅವಳು ತಲೆ ಅಲ್ಲಾಡಿಸಿದಳು. ಆಮೇಲೆ ಕಿವಿಯ ಹತ್ತಿರ ಬಂದು, "ಆ ಅಕ್ಕಾನೇ ಚೆನ್ನಾಗ್ ಹೇಳ್ತಾರಲ್ಲಮ್ಮ, ನಂದ್ಯಾಕೆ?" ಎಂದಳು. ಹೀಗೆ ಹೇಳುವಾಗ ಅವಳಿಗೆ ಬೇಸರವೂ ಇರಲಿಲ್ಲ. ನಿಜ ಎಂದೇ ನಂಬಿ ಹೇಳಿದಳು. ಒಂಬತ್ತು ವರ್ಷದ ಮಗುವಿಗೆ ಇದನ್ನು ಕಲಿಸಿದ್ದಕ್ಕೆ ತಮ್ಮ ಇಡೀ ವಂಶ ಉರಿದುಹೋಗಲಿ ಎಂದು ಬರೆಯಬೇಕೆನಿಸುತ್ತದೆ. ತಮಗೂ ಮಕ್ಕಳಿರಬಹುದು, ಅದಕ್ಕೇ ಬರೆಯುತ್ತಿಲ್ಲ.

ಆದ್ದರಿಂದ ನನ್ನ ಬೇಡಿಕೆ. ಆ ಸೀಡಿಯನ್ನು ಒಂದೇ ಒಂದು ಶಾಲೆಗೂ ಕಳಿಸಕೂಡದು. ಕಳಿಸಲೇಬೇಕೆಂದಿದ್ದರೆ ನನ್ನ ಮಗಳ ಮುಖವನ್ನೂ ತೆಗೆದು ಯಾರದಾದರೂ ಅಂದವಾದ ಮುಖ ಹಾಕಿಸಿಕೊಳ್ಳಿ, ಸ್ಟುಡಿಯೋದವರಿಗೆ ಅದೇನು ಕಷ್ಟವಲ್ಲ. ಅದಾದ ಮೇಲೆ ತಾವು ಒಂದು ಬೆಳಿಗ್ಗೆ ಕಾರು, ಹಾರ, ಪ್ರೊಜೆಕ್ಟರ್ ಏನೂ ಇಲ್ಲದೆ ನಾಲ್ಕನೆಯ ತರಗತಿಗೆ ಬಂದು, ಮಕ್ಕಳ ನಡುವೆ ನೆಲದ ಮೇಲೆ ಕೂತು, ಹರಿಣಾಕ್ಷಿಯನ್ನು ಏನಾದರೂ ಒಂದು ಪ್ರಶ್ನೆ ಕೇಳಬೇಕು. ಅವಳು ದನಿ ತೆಗೆದು ಉತ್ತರ ಕೊಡುವವರೆಗೆ ಅಲ್ಲಿಂದ ಏಳಬಾರದು. ಸಂಜೆಯಾದರೂ ಅವಳು ಬಾಯಿ ಬಿಡದಿದ್ದರೆ ಆ ಮೌನವನ್ನೇ ಧ್ವನಿಮುದ್ರಿಸಿ ಎಲ್ಲ ಶಾಲೆಗಳಿಗೂ ಹಂಚಿ. ಅದೊಂದು ಮಾತ್ರ ತಮ್ಮ ಇಲಾಖೆ ಯಾರ ಸಹಾಯವೂ ಇಲ್ಲದೆ ತಾನೇ ತಯಾರಿಸಿದ್ದು.

ಇಂತಿ,
ತಾವು ಉತ್ತರ ಬರೆಯುವುದಿಲ್ಲ ಎಂದು ಗೊತ್ತಿದ್ದೂ ಕಾಯುವ
ಕುಸುಮಾ,
ಹರಿಣಾಕ್ಷಿಯ ತಾಯಿ, ಚಾಮರಾಜಪೇಟೆ