ಕಬ್ಬಿನ ತೋಟದ ಚಿತ್ರಕ್ಕೆ ನಾಲ್ಕು ನಕ್ಷತ್ರ

ಲೌಟೋಕಾ, ಗುರುವಾರ

ಮಾನ್ಯ ಸಂಪಾದಕರೇ,

ಹಾರುವ ಆಮೆಯ ಮಕ್ಕಳ ಚಿತ್ರಕ್ಕೆ ಎರಡು ನಕ್ಷತ್ರ ಸಾಕು. ನಮ್ಮೂರ ಕಬ್ಬಿನ ತೋಟದಲ್ಲಿ ಹಿಂದೆ ನಿಜವಾಗಿ ನಡೆದ ಕೊಲೆಗಳ ಐತಿಹಾಸಿಕ ಚಿತ್ರಕ್ಕೆ ನಾಲ್ಕು ಕೊಟ್ಟಿದ್ದೇನೆ.

ವಿಮರ್ಶೆ ಅಚ್ಚಾಗುವ ಮೊದಲೇ ಇದು ಆ ತೋಟದ ಮಾಲೀಕರಿಗೆ ಹೇಗೋ ತಿಳಿದಿದೆ. ಮೊನ್ನೆ ಅವರ ಮೊಮ್ಮಗ ಮಾರುಕಟ್ಟೆಯಲ್ಲಿ ಅಮ್ಮನ ಬದನೆಕಾಯಿ ರಾಶಿಯ ಮುಂದೆ ನಿಂತು, "ನಿಮ್ಮ ಮಗಳಿಗೆ ಆಮೆ ಸಿನಿಮಾನೇ ಸಾಕಲ್ವಾ, ಆಂಟಿ? ಪಾಪ, ಒಬ್ಬಳೇ ಬಸ್ಸಲ್ಲಿ ಓಡಾಡ್ತಾಳೆ" ಎಂದು ನಕ್ಕನಂತೆ.

ಆಮೇಲೆ ನಾನು ಬಸ್ಸು ಹತ್ತಿಲ್ಲ. ವಿಮರ್ಶೆಯಿಂದ ನನ್ನ ಹೆಸರು ತೆಗೆಯಿರಿ ಎಂದು ಬರೆಯಲು ಕೂತಿದ್ದೆ.

"ನಾನೂ ನೋಡಿದೀನಿ ಆ ಸಿನಿಮಾ. ನೀನು ಸುಳ್ಳು ಬರೆದಿಲ್ಲ. ಹೆಸರು ಇರ್ಲಿ ಬಿಡೇ" ಎಂದಳು ಅಮ್ಮ. ಹೇಳಿ, ಎದ್ದು ಹೋಗಿ ಬಾಗಿಲಿನ ಚಿಲಕ ಹಾಕಿ ಬಂದಳು.

ಹೆಸರು ಇರಲಿ. ಶನಿವಾರ ಪತ್ರಿಕೆ ಬಂದ ಮೇಲೆ ನಮ್ಮಿಬ್ಬರಿಗೂ ಓಡಾಡಲು ಕಚೇರಿಯ ಕಾರು ಕಳಿಸುತ್ತೀರಾ?

ಇಂತಿ,
ಕೌಶಿಲ್ಯಾ ರಾಮ್‌ಬರನ್