ಗೌನಿನ ಒಳಮೈ

9 ನವೆಂಬರ್ 1999, ಮಂಗಳವಾರ. ಚಳ್ಳಕೆರೆ.

ಹೊರದೇಶಕ್ಕೆ ಹೊರಟಿದ್ದ ರೇಷ್ಮೆ ಡ್ರೆಸ್ಸಿಂಗ್ ಗೌನೊಂದರ ತೋಳು ಸರಿಪಡಿಸಲು ಇಂದು ಲೈನಿಂಗ್ ಬಿಚ್ಚಿದೆ. ಬುಟ್ಟಾದ ಹಿಂಬದಿಯಲ್ಲೆಲ್ಲ ಕತ್ತರಿಸಿದ ಎಳೆಗಳು. ಮೊಳಕಾಲ್ಮೂರಿನ ಓಬಣ್ಣ ಕೈಮಗ್ಗದಲ್ಲಿ ನೇಯ್ದರೆ ಎಳೆ ತುಂಡಾಗುವುದಿಲ್ಲ. ಇದು ಪವರ್‌ಲೂಮ್ ಬಟ್ಟೆ. ಕಾಲರಿನಲ್ಲಿ ಮಾತ್ರ ಕೈಮಗ್ಗದ ಚೀಟಿ.

ಬಟ್ಟೆ ತರುವ ನನ್ನ ಪಾಲುದಾರ ಪಾಲಾಕ್ಷನನ್ನು ಕೇಳಿದೆ.

"ಗೌನು ತಿರುಗ್ಸಿ ಯಾರು ನೋಡ್ತಾರಲೇ?" ಎಂದು ನಕ್ಕ.

ಮೈಗೆ ಮೆತ್ತಗಿರುತ್ತದೆ, ಲೈನಿಂಗ್ ಹಾಕೋಣ ಎಂದು ಹಟ ಹಿಡಿದವನೂ ಅವನೇ. ಲೈನಿಂಗ್ ಜೋಡಿಸಿಯೇ ತುಂಡುಗಳನ್ನು ತರುತ್ತಿದ್ದ; ಬಿಚ್ಚಿ ನೋಡದೆ ಹೊಲಿದವನು ನಾನು.

ಕೈಮಗ್ಗದ ಬಟ್ಟೆಯ ಆರ್ಡರ್ ನಿಂತಿತೆಂದು ಅವನು ಹೇಳಿದ್ದನ್ನು ನಂಬಿ, ಓಬಣ್ಣನಿಗೆ ನಾನೇ ತಿಳಿಸಿ ಬಂದಿದ್ದೆ.

"ನೀವು ಹೇಳಿದ ಮ್ಯಾಲೆ ಮುಗೀತು ಬಿಡ್ರಿ" ಎಂದು ಓಬಣ್ಣ ಮಗ್ಗ ಬಿಚ್ಚಿಟ್ಟ. ಪಾಲಾಕ್ಷನನ್ನಲ್ಲ, ಅವನು ನಂಬಿದ್ದು ನನ್ನನ್ನು. ನಾಳೆ ಈ ಗೌನು ಹಿಡಿದು ಅವನ ಮುಂದೆ ನಿಂತು ಮೊದಲು ಏನು ಹೇಳಲಿ?