ಮುಳ್ಳು ತಿರುಗಿಸಿದವಳಿಗೆ

ಅಮ್ಮ,

ಕ್ಷೇಮ ಸಮಾಚಾರ ಆಮೇಲೆ. ನನ್ನ ತೂಕದ ಮಷೀನಿಗೆ ಯಾಕೆ ಕೈ ಹಾಕಿದೆ, ಮೊದಲು ಅದನ್ನು ಹೇಳು.

ಹದಿನಾಲ್ಕು ಕೆಜಿ ಇಳಿಸೋಕೆ ನಾನೆಷ್ಟು ಒದ್ದಾಡಿದ್ದೆ ಅಂತ ನಿನಗೆ ಗೊತ್ತು. ಮತ್ತೆ ಏರಬಾರದು ಅಂತ ದಿನಾ ಬೆಳಿಗ್ಗೆ ಹಲ್ಲುಜ್ಜಿದ ಕೂಡಲೇ ಅದರ ಮೇಲೆ ನಿಲ್ಲೋದೂ ಗೊತ್ತು. ನೀನು ಬಂದ ವಾರವೇ ಮುಳ್ಳು ಅರವತ್ತರಿಂದ ಅರವತ್ನಾಲ್ಕಕ್ಕೆ ಹಾರಿತು. ನಾನು ರಾತ್ರಿ ಊಟವನ್ನೇ ಬಿಟ್ಟೆ. ನೀನು ಎದುರಿಗೇ ಕೂತು "ಒಂದು ತುತ್ತಾದರೂ ತಿನ್ನೇ" ಅಂದೆಯೇ ಹೊರತು ನಿಜ ಬಾಯಿಬಿಡಲಿಲ್ಲ. ನೀನು ಅಣ್ಣನ ಮನೆಗೆ ಹೋದ ಮೇಲೂ ನಾನು ಉಪವಾಸವೇ. ನಿನ್ನೆ ಆಫೀಸಿನ ಪಾರ್ಸೆಲ್ ಕೌಂಟರಿನಲ್ಲಿ ಕಣ್ಣು ಕತ್ತಲೆ ಬಂದು, ಅಷ್ಟು ಜನರೆದುರು ಕುಸಿದು ಬಿದ್ದೆ.

ಇವತ್ತು ಮಷೀನನ್ನೇ ಆಫೀಸಿಗೆ ಹೊತ್ತುಕೊಂಡು ಹೋದೆ. ಪಾರ್ಸೆಲ್ ತಕ್ಕಡಿ ಪರೀಕ್ಷೆ ಮಾಡೋ ಹತ್ತು ಕೆಜಿ ಕಲ್ಲು ಇಟ್ಟರೆ ಹದಿನಾಲ್ಕು ತೋರಿಸಿತು! ಖಾಲಿ ಇರುವಾಗಲೇ ಮುಳ್ಳು ನಾಲ್ಕರ ಮೇಲೆ ನಿಂತಿರೋದನ್ನು ಇಷ್ಟು ದಿನ ನಾನು ಗಮನಿಸಿಯೇ ಇರಲಿಲ್ಲ. ಮುಳ್ಳು ಸರಿಮಾಡೋ ಆ ಪುಟ್ಟ ಚಕ್ರ ತಾನಾಗಿ ತಿರುಗೋದಿಲ್ಲ. ಮನೆಯಲ್ಲಿ ಇದ್ದವರು ನಾವಿಬ್ಬರೇ.

ಮೈಯೆಲ್ಲ ಉರಿದುಹೋಯಿತು. ಆಮೇಲೆ ನೆನಪಾಯಿತು. ಬಡವಾಗಿದ್ದೀಯಾ ಅಂತ ನಾನು ಪ್ರತಿ ಭಾನುವಾರ ನಿನ್ನನ್ನೂ ಅದರ ಮೇಲೆ ನಿಲ್ಲಿಸುತ್ತಿದ್ದೆ. "ನೋಡು, ಹೋದ ಸಲ ಬಂದಾಗಿನಷ್ಟೇ, ನಲವತ್ತಾರು. ಒಂದು ಚೂರೂ ಇಳಿದಿಲ್ಲ, ಡಾಕ್ಟರ್ ಯಾಕೆ?" ಅಂತ ನೀನು ನಗುತ್ತಿದ್ದೆ.

ನಲವತ್ತಾರರಲ್ಲಿ ನಾಲ್ಕು ಕಳೆ, ಅಮ್ಮ.

ಸೋಮವಾರ ಹತ್ತು ಗಂಟೆಗೆ ಡಾಕ್ಟರ ಹತ್ತಿರ ನಿನ್ನ ಹೆಸರು ಬರೆಸಿದ್ದೇನೆ. ಅಣ್ಣ ಕರೆದುಕೊಂಡು ಬರುತ್ತಾನೆ. ಯಾವ ನೆಪವೂ ಬೇಡ. ಅಲ್ಲಿನ ಮಷೀನಿಗೆ ನಿನ್ನ ಕೈ ಎಟುಕೋದಿಲ್ಲ.

ಕೋಪ ಇನ್ನೂ ಇಳಿಯದ
ನಿನ್ನ ಮಗಳು